ಲ್ಯಾಪ್‌ಟಾಪಿನೊಳಗೆ ಕುಂಕುಮ ಇರಲಿಲ್ಲ

ತಾರ್ನಾಕ, ಬುಧವಾರ

ಪೂಜ್ಯ ಅತ್ತೆಯವರಿಗೆ ಶೈಲಶ್ರೀಯ ಶರಣುಗಳು.

ದಿನವೂ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಎಲ್ಲರೂ ಆರಾಮಿದ್ದೇವೆ. ಫೋನಿನಲ್ಲಿ ನೀವು 'ಊಟ ಆತೇನ?' ಅನ್ನುತ್ತೀರಿ, ನಾನು 'ಆತ್ರಿ' ಅನ್ನುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಹೀಗೇ ನಾಲ್ಕು ತಿಂಗಳಾಯಿತು.

ನಿನ್ನೆ ನನ್ನ ಹಳೆಯ ಲ್ಯಾಪ್‌ಟಾಪಿಗೆ ಮೆಮೊರಿ ಹೆಚ್ಚಿಸಲು ಹೋಗಿದ್ದೆ. ನಮ್ಮ ಓಣಿಯ ತುದಿಯ ರಿಪೇರಿ ಅಂಗಡಿ ಅಮರೇಶಪ್ಪನವರದು, ರಾಯಚೂರು ಕಡೆಯವರು. ತೆಲುಗಿನಲ್ಲಿ ಶುರುವಾದ ಮಾತು ಎರಡನೇ ನಿಮಿಷಕ್ಕೆ ಕನ್ನಡಕ್ಕೆ ತಿರುಗಿತು. ನಿಜ ಹೇಳುತ್ತೇನೆ ಅತ್ತೆ, ನಾನು ಹೋದದ್ದು ಬರೀ ಮೆಮೊರಿಗಲ್ಲ. ಅದನ್ನು ಬಿಚ್ಚಿದಾಗ ಒಳಗೆ ನೀವು ಹಚ್ಚಿದ ಕುಂಕುಮ ಸಿಗಲಿ ಎಂಬ ಆಸೆಯಿತ್ತು.

ಮಹಾನವಮಿಯ ದಿನ ನೀವು ಇಳಿಗೆ, ಕುಕ್ಕರು, ನಿಮ್ಮ ಮಗನ ಬೈಕು ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ, ಕಡೆಗೆ ಲ್ಯಾಪ್‌ಟಾಪ್ ತೆರೆದು ಕೀಲಿಗಳ ಮೇಲೂ ಇಟ್ಟಿರಿ. 'ನಮ್ಮ ಸೊಸಿಗೆ ಅನ್ನ ಹಾಕೂದು ಇದ. ಇದಕ್ಕ ಒಂದು ಚಿಟಿಕಿ ಜಾಸ್ತಿನ ಇರಲಿ' ಎಂದಿರಿ. ಆ ವಾರವೇ, ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳುತ್ತಿದ್ದಾಗ ಅದು ನಿಂತುಬಿಟ್ಟಿತು. ಪಾಲಕರ ಫೋನುಗಳು ಒಂದರ ಹಿಂದೊಂದು. ನನ್ನ ಸಿಟ್ಟೆಲ್ಲ ನಿಮ್ಮ ಮೇಲೆ ಬಿತ್ತು. 'ನಿಮ್ಮ ಕೈ ಬಿದ್ದದ್ದು ಒಂದೂ ನೆಟ್ಟಗ ಉಳಿಯಂಗಿಲ್ಲ ನೋಡ್ರಿ' ಎಂದೆ. ನೀವು ಸೆರಗಿನಿಂದ ಒರೆಸಲು ಬಂದಿರಿ, ನಾನು ಕಸಿದುಕೊಂಡೆ. ಆಮೇಲೆ ಅದನ್ನು ಮೂಲೆಗೆ ತಳ್ಳಿ ಫೋನಿನಲ್ಲೇ ಪಾಠ ಹೇಳಿದೆ.

ಮೂರನೇ ದಿನ ನೀವು ಹುಮನಾಬಾದಿಗೆ, ಸುಭದ್ರಕ್ಕನ ಮನೆಗೆ ಹೊರಟಿರಿ. ಮಗನಿಗೆ ಹೇಳಿದ್ದೇನು? 'ಮೂರು ಮಾಳಿಗಿ ಹತ್ತಿಳಿದು ಮೊಣಕಾಲು ನೋಯಾಕತ್ತಾವಪ್ಪ, ಮಗಳ ಮನ್ಯಾಗ ನಾಕು ದಿನ ಇರತೀನಿ.' ನನ್ನ ಹೆಸರೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಪಟಾನ್‌ಚೆರುವಿನ ಫ್ಯಾಕ್ಟರಿಯಿಂದ ಬರುವಾಗ ಅವರು ನಿಮಗೆಂದು ಮೊಣಕಾಲಿನ ಎಣ್ಣೆ ತಂದರು. ಅದನ್ನು ಕಟ್ಟಿ ಕೊರಿಯರಿಗೆ ಕೊಟ್ಟು ಬಂದವಳು ನಾನೇ.

ಅಮರೇಶಪ್ಪ ತಳದ ಮುಚ್ಚಳ ತೆಗೆದು ದೀಪ ಹಿಡಿದರು. 'ಕುಂಕುಮ ಐತೇನ್ರಿ? ಸರಿಯಾಗಿ ನೋಡ್ರಿ' ಎಂದು ಎರಡು ಸಲ ಕೇಳಿದೆ.

'ಎಲ್ಲೈತ್ರಿ ಅಕ್ಕೋರ? ಇದು ಗಾದಿ ಹತ್ತಿ. ಹಾಸಿಗಿ ಮ್ಯಾಲಿಟ್ಟು ಕೆಲಸ ಮಾಡ್ತೀರೇನು? ಗಾಳಿ ಹೋಗಾಕ ಜಾಗನ ಇಲ್ಲ.'

ಇದ್ದ ಮೆಮೊರಿ ನಾಲ್ಕೇ ಜಿಬಿ, ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ತೋರಿಸಲು ಅದಕ್ಕೆ ಸಾಲದಂತೆ. ಇನ್ನೊಂದು ಮೆಮೊರಿ ಪಟ್ಟಿ ಕೂರಿಸುವ ಜಾಗ ಕೊಂಡ ದಿನದಿಂದ ಖಾಲಿಯೇ ಇತ್ತು. ಹತ್ತಿ ತೆಗೆದರು, ಹೊಸ ಪಟ್ಟಿಯನ್ನು ಓರೆಯಾಗಿ ಇಟ್ಟು ಒತ್ತಿದರು, ಟಕ್ ಎಂದು ಕೂತಿತು. ಹತ್ತು ನಿಮಿಷದ ಕೆಲಸ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನನಗೆ ಬಹಳ ನಾಚಿಕೆಯಾಯಿತು ಅತ್ತೆ. ಕುಂಕುಮವೇ ಸಿಕ್ಕಿದ್ದರೂ ಆ ಮಾತು ಆಡುವಂಥದ್ದಲ್ಲ. ಇಷ್ಟು ತಿಳಿಯಲು ನನಗೆ ಸ್ಕ್ರೂಡ್ರೈವರ್ ಬೇಕಾಯಿತು.

ಇವತ್ತು ಬೆಳಿಗ್ಗೆ ನಿಮ್ಮ ಮಗನಿಗೆ ಎಲ್ಲ ಹೇಳಿದೆ. ಬೂಟು ಹಾಕಿಕೊಳ್ಳುತ್ತಿದ್ದವರು ಹಾಗೇ ಕೂತುಬಿಟ್ಟರು. 'ಅವ್ವ ಇಷ್ಟು ದಿನ ಒಬ್ಬಾಕಿನ ನುಂಗಿಕೊಂಡು ಕುಂತಾಳಲ್ಲ' ಎಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ ಹುಮನಾಬಾದಿನ ಬಸ್ಸಿಗೆ ಒಬ್ಬಳೇ ಬರುತ್ತೇನೆ. ಅವರು ತಾವೂ ಬರುತ್ತೇನೆಂದರು, ನಾನೇ ಬೇಡವೆಂದೆ. ಮಗನ ಮುಖ ನೋಡಿದರೆ ನೀವು ಇಲ್ಲವೆನ್ನಲಾರಿರಿ, ಹಾಗೆ ನಿಮ್ಮನ್ನು ಕರೆತರುವುದು ನನಗೆ ಬೇಡ. ಬರುವುದು ಬಿಡುವುದು ನಿಮ್ಮ ಇಷ್ಟ. ಸುಭದ್ರಕ್ಕನ ಎದುರಿಗೇ ಬೈಯಿರಿ, ತಲೆ ತಗ್ಗಿಸಿ ಕೇಳುತ್ತೇನೆ. ನಾನು ಯಾಕೆ ಬಂದೆನೆಂದು ಅಕ್ಕ ಕೇಳಿದರೆ ಉತ್ತರ ನಾನೇ ಕೊಡುತ್ತೇನೆ. ನನ್ನನ್ನು ಉಳಿಸಲು ನೀವು ಇನ್ನೊಂದು ಸುಳ್ಳು ಮಾತ್ರ ಹೇಳಬೇಡಿ.

ಬಸವಣ್ಣ ನಿಮ್ಮನ್ನು ನೂರು ಕಾಲ ಸುಖವಾಗಿಡಲಿ.

ನಿಮ್ಮ ಸೊಸೆ,
ಶೈಲಶ್ರೀ