ಸೋಸಿದ ನೀರು

ಕಾನ್ಪುರ
೧೪ ಆಗಸ್ಟ್ ೧೯೯೮

ಘೋಡಗೇರಿಯ ಇಂದುಬಾಯಿ ಕಾಕುವಿಗೆ ಸುನಂದಾಳ ಜೈ ಜಿನೇಂದ್ರ.

ಎರಡು ಮಳೆಗಾಲ ನೀವು ಕಳಿಸಿದ ಹೊಳೆ ನೀರಿನ ಬಾಟಲಿಗಳು ಒಂದೂ ಒಡೆಯದೆ ತಲುಪಿವೆ. ಹರಿಯುವ ನೀರು ಎಷ್ಟು ಮಣ್ಣು ಹೊತ್ತೊಯ್ಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಪಿಎಚ್‌ಡಿ ಕೆಲಸ. ನನ್ನ ಲೆಕ್ಕ ಪ್ರತಿ ಸಲ ಕೆಂಪು ರಾಡಿ ಎನ್ನುತ್ತಿತ್ತು, ನಿಮ್ಮ ಬಾಟಲಿ ತಿಳಿಯಾಗಿರುತ್ತಿತ್ತು. ಲೆಕ್ಕವೇ ತಪ್ಪೆಂದು ಎರಡು ವರ್ಷ ಅದನ್ನೇ ತಿದ್ದಿದೆ.

ರವಿವಾರ ಫೋನಿನಲ್ಲಿ ನೀವು, "ಮೂರು ಪದರ ಅರಿವ್ಯಾಗ ಸೋಸೇ ತುಂಬತೇನ್ವಾ. ಸೋಸಲಾರದ ನೀರು ಯಾರಿಗೂ ಕೊಡಬಾರದು, ಜೀವ ಇರ್ತಾವು" ಎಂದಿರಿ. ನಾನು "ಚಲೋ ಆತು ಕಾಕು" ಎಂದು ಫೋನ್ ಇಟ್ಟೆ.

ತಪ್ಪು ನನ್ನದೇ. ನಮ್ಮ ಮನೆಯಲ್ಲಿ ನೀರನ್ನು ಹಾಗೇ ಯಾರಿಗೂ ಕೊಡುವುದಿಲ್ಲವೆಂದು ನನಗೆ ನೆನಪಿರಬೇಕಿತ್ತು. ಇನ್ನು ಮುಂದೆ ದಯವಿಟ್ಟು ಸೋಸದೆ ತುಂಬಿರಿ. ಅಳತೆ ಮುಗಿದ ಮೇಲೆ ಇಲ್ಲಿಯ ಹೊಳೆಗೆ ಮೆಲ್ಲಗೆ ಬಿಡುತ್ತೇನೆ, ಜೀವಗಳ ಚಿಂತೆ ಬೇಡ. ಕೆಲಸ ಇನ್ನೊಂದು ವರ್ಷ ಬೆಳೆಯುತ್ತದೆ. ನಮ್ಮ ಸರ್‌ಗೆ ಇನ್ನೂ ಹೇಳಿಲ್ಲ. ದೀಪಾವಳಿಗೆ ನನ್ನ ದಾರಿ ನೋಡಬೇಡಿ.

ಊಟಕ್ಕೆ ಜೊತೆ ಯಾರಿದ್ದಾರೆ ಎಂದು ಕೇಳಿದ್ದಿರಿ. ಹೊತ್ತು ಮುಳುಗುವ ಮೊದಲು ಉಣ್ಣುವವಳು ಈ ಹಾಸ್ಟೆಲಿನಲ್ಲಿ ನಾನೊಬ್ಬಳೇ. ಮೆಸ್ಸಿನವರು ನನಗಾಗಿ ಒಂದು ತಟ್ಟೆ ಮೊದಲೇ ತೆಗೆದಿಡುತ್ತಾರೆ.

ಉಳಿದ ಹಳೆಯ ಬಾಟಲಿಗಳು ಇನ್ನು ಲೆಕ್ಕಕ್ಕೆ ಬಾರವು. ಚೆಲ್ಲಲು ಮನಸ್ಸಾಗಲಿಲ್ಲ. ದಿನಾ ಊಟದ ಹೊತ್ತಿಗೆ ಒಂದು ಲೋಟ ಕುದಿಸಿ ಕುಡಿಯುತ್ತಿದ್ದೇನೆ.

ನಿಮ್ಮ
ಸುನಂದಾ