ಮನೆಯ ಬಿಟ್ಟ ಹೊಲಿಗೆಗಳು

ಮನೆಯಿಂದ, ಹೊಲಿಗೆ ಮೇಜಿನ ಮುಂದೆ ಕೂತು
ಜನವರಿ ೧೨, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯಮ್ಮಾ? ಗುಂಡುವಿನ ಕೆಮ್ಮು ಪೂರ್ತಿ ಹೋಯಿತೇ? ಹಲ್ಲು ಎಷ್ಟು ಬಂದವು? ನಿನ್ನ ತಾಯಿಯ ಮಂಡಿನೋವು ಈಗ ಹೇಗಿದೆ? ನಾನು ಗಟ್ಟಿಯಾಗಿದ್ದೇನೆ, ಕನ್ನಡಕದ ಮೇಲೆ ಕೂತು ಅದನ್ನು ಮುರಿದುಕೊಂಡದ್ದು ಬಿಟ್ಟರೆ. ಮೂರು ವಾರದಿಂದ ನಿನ್ನ ಕಾಗದವಿಲ್ಲ. ಕೋಪವಿದ್ದರೆ ಇರಲಿ, ಅದಕ್ಕೆ ಕಾರಣವೂ ಇದೆ. ಫೋನಿನಲ್ಲಾದರೆ ಅತ್ತೆ ಸೊಸೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತದೆ, ಏನಿದ್ದರೂ ಕಾಗದದಲ್ಲೇ ಎಂದು ಒಪ್ಪಂದ ಮಾಡಿಕೊಂಡವರು ನಾವೇ ಅಲ್ಲವೇ? ನಿನ್ನ ಗಂಡನೋ, ಲಾರಿ ಹತ್ತಿದನೆಂದರೆ ತಿಂಗಳುಗಟ್ಟಲೆ ದಾರಿಯ ಮೇಲೆ. ನಮ್ಮಿಬ್ಬರ ನಡುವೆ ತಲೆ ಹಾಕುವುದಿಲ್ಲವೆಂದು ಮೊದಲೇ ಕೈ ತೊಳೆದುಕೊಂಡಿದ್ದಾನೆ. ಆದ್ದರಿಂದ ಈ ಸಲ ಸೋತವಳು ನಾನೇ ಎಂದಿಟ್ಟುಕೋ.

ನವೆಂಬರಿನಲ್ಲಿ ಮಗುವನ್ನೆತ್ತಿಕೊಂಡು ತವರಿಗೆ ಹೊರಟಾಗ ನೀನು ಹೊಸ್ತಿಲಲ್ಲಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಅತ್ತೆ, ಈ ಮನೇಲಿ ಗಾಳಿ ನುಗ್ಗುತ್ತೆ. ಸರಿಹೋಗೋವರೆಗೂ ಮಗೂನ ಕರ್ಕೊಂಡು ಬರಲ್ಲ." ಹೀಟರು ಹಗಲೂ ರಾತ್ರಿ ಉರಿಯುವಾಗ ಚಳಿ ಎನ್ನುವುದು ಬರೀ ನೆಪ ಎಂದು ನಾನು ಮೂಗು ಮುರಿದೆ. ಆದರೆ ನೀವಿಬ್ಬರೂ ಇಲ್ಲದ ಮನೆಯಲ್ಲಿ ಒಂದು ತಿಂಗಳು ಕಳೆಯುವಷ್ಟರಲ್ಲಿ ನನ್ನ ಮೂಗು ತಾನಾಗಿ ನೆಟ್ಟಗಾಯಿತು. ತಪ್ಪು ಹೀಟರಿನದೇ ಇರಬೇಕು, ಅದನ್ನು ಸರಿ ಮಾಡಿಸಿದರೆ ನೀನು ಬರುತ್ತೀ ಎಂದು ರಿಪೇರಿಯವನನ್ನು ಕರೆಸಿದೆ. ಅವನು ಅದನ್ನು ಬಿಚ್ಚಿ, ಒರೆಸಿ, ಮತ್ತೆ ಮುಚ್ಚಿದ. ಆಮೇಲೆ ಕಿಟಕಿಯ ಅಂಚಿಗೆ ಅಂಗೈ ಹಿಡಿದು ನಕ್ಕ. "ಅಮ್ಮಾ, ಹೀಟರ್ ಚೆನ್ನಾಗೇ ಇದೆ. ನೀವು ಬೀದೀನ ಬಿಸಿ ಮಾಡ್ತಾ ಇದ್ದೀರಿ."

ನಲವತ್ತು ವರ್ಷ ಹೊಲಿದವಳಿಗೆ ಎಂಥ ಮಾತು! ನಾನು ಹೊಲಿದ ಬಟ್ಟೆ ಹೊಲಿಗೆ ಬಿಟ್ಟಿತೆಂದು ಇವತ್ತಿನವರೆಗೆ ಒಬ್ಬ ಗಿರಾಕಿಯೂ ವಾಪಸ್ ಬಂದಿಲ್ಲ. ಅಂಥವಳ ಮನೆಗೇ ಹೊಲಿಗೆ ಬಿಟ್ಟಿತ್ತು. ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಹಾಕಿ, ತೀರಾ ತೆಳ್ಳಗಿನ ರೇಷ್ಮೆ ದಾರದ ಎಳೆಯೊಂದನ್ನು ಕೈಯಲ್ಲಿ ಇಳಿಬಿಟ್ಟುಕೊಂಡು ಗೋಡೆಗುಂಟ ನಡೆದೆ. ಗಾಳಿ ನುಸುಳುವಲ್ಲಿ ದಾರ ಅಲುಗುತ್ತದೆ, ಅಷ್ಟೇ ವಿದ್ಯೆ. ಕಿಟಕಿಯ ಚೌಕಟ್ಟಿನ ಸುತ್ತ ಅಲುಗಿತು. ಸಿಂಕಿನ ಕೆಳಗೆ ಪೈಪು ಗೋಡೆ ಹಾಯುವಲ್ಲಿ, ಪ್ಲಗ್ಗಿನ ಹಿಂದೆ, ಹೊಸ್ತಿಲ ಸಂದಿನಲ್ಲಿಯೂ ಅಲುಗಿತು. ಹೋದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬಂದೆ, ಬಟ್ಟೆಗೆ ಹಾಕುವ ಹಾಗೆ. ಕೊನೆಗೆ ನಿನ್ನ ಕೋಣೆ. ಬೀರುವಿಗೂ ತೊಟ್ಟಿಲಿಗೂ ನಡುವೆ ಹಿಡಿದ ದಾರ ಅಡ್ಡಡ್ಡ ಮಲಗಿಬಿಟ್ಟಿತು. ಬೀರು ಸರಿಸಿ ನೋಡಿದರೆ ಗೋಡೆಯಲ್ಲಿ ಮುಷ್ಟಿ ಗಾತ್ರದ ತೂತು. ನಿನ್ನ ಮಾವ ಹಳೆಯ ಒಲೆಯ ಕೊಳವೆಗೆಂದು ಕೊರೆದದ್ದು, ಮೇಲೆ ಕ್ಯಾಲೆಂಡರು ಹಾಕಿ ಮುಚ್ಚಿದವಳು ನಾನೇ. ಕ್ಯಾಲೆಂಡರು ಯಾವಾಗಲೋ ಕಳಚಿ ಬೀರುವಿನ ಹಿಂದೆ ಬಿದ್ದಿತ್ತು. ನನಗೆ ಬಹಳ ನಾಚಿಕೆಯಾಯಿತು. ಬಿದ್ದ ಕ್ಯಾಲೆಂಡರನ್ನು ಎತ್ತಿಕೊಂಡು ನಿನ್ನ ಮಂಚದ ಮೇಲೆ ಕೂತೆ.

ಆಮೇಲೆ ಎದ್ದೆ, ಕೂತರೆ ಕೆಲಸವಾಗುತ್ತದೆಯೇ? ತೂತಿಗೆ ಇಟ್ಟಿಗೆ ಚೂರು, ಸಿಮೆಂಟು. ಕಿಟಕಿಯ ಸಂದುಗಳಿಗೆ ಪಿಚಕಾರಿಯಂಥದ್ದರಲ್ಲಿ ಒತ್ತಿ ಹಾಕುವ ಅಂಟು, ಮೊದಲನೆಯ ಕಿಟಕಿಯಲ್ಲಿ ನನ್ನ ಕೂದಲಿಗೂ ಹತ್ತಿತು, ನಗಬೇಡ. ತೆರೆಯುವ ಕಿಟಕಿಗಳಿಗೆ ಕಂಬಳಿಯ ಪಟ್ಟಿ. ಹೊಸ್ತಿಲಿಗೆ ಚೂರು ಬಟ್ಟೆ ತುಂಬಿದ ಉದ್ದನೆಯ ದಿಂಬು. ಎಲ್ಲಕ್ಕಿಂತ ನನಗೆ ಜಂಬವಿರುವುದು ಮುಂಬಾಗಿಲಿನಲ್ಲಿ ಅಂಚೆಯವನು ಕಾಗದ ಹಾಕುವ ಕಿಂಡಿಯ ಬಗ್ಗೆ. ಅದರಿಂದ ಗಾಳಿ ಸಿಳ್ಳೆ ಹಾಕುತ್ತಿತ್ತು. ಒಳಗಿನಿಂದ ಎರಡು ಪದರ ಉಣ್ಣೆ ಬಟ್ಟೆ, ನಡುವೆ ಹತ್ತಿ, ಸುತ್ತಲೂ ಮೊಳೆ. ಈಗ ಸೂಜಿ ಕೂಡ ತೂರುವುದಿಲ್ಲ. ಅಡುಗೆಮನೆಯ ಗವಾಕ್ಷಿಯನ್ನು ಮಾತ್ರ ಮುಟ್ಟಿಲ್ಲ, ಗ್ಯಾಸ್ ಉರಿಯುವ ಕಡೆ ಗಾಳಿಯಾಡಲೇಬೇಕೆಂದು ರಿಪೇರಿಯವನು ಎರಡೆರಡು ಸಲ ಹೇಳಿದ್ದ. ಇದೆಲ್ಲ ಮುಗಿದು ಮೂರು ವಾರವಾಯಿತು. ದಿನವಿಡೀ ಉರಿಯುತ್ತಿದ್ದ ಹೀಟರನ್ನು ಈಗ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಹಾಕಿದರೆ ಸಾಕು. ಮೀಟರು ನೋಡಲು ಬಂದವನು ಮೀಟರೇ ಕೆಟ್ಟಿರಬೇಕೆಂದು ತಟ್ಟಿ ನೋಡಿದ. ಬೀದಿಯ ಸದ್ದೂ ಒಳಗೆ ಬರುವುದಿಲ್ಲ. ನಿನ್ನ ಕೋಣೆ ಹೇಗಿದೆಯೆಂದರೆ ಮಗು ಅಂಗಿಯಿಲ್ಲದೆ ಅಂಬೆಗಾಲಿಡಬಹುದು. ಬಂದು ನೋಡು, ಆಮೇಲೆ ಹೇಳು.

ನಿನ್ನ ತಾಯಿಗೆ ನನ್ನ ನಮಸ್ಕಾರ. ಗುಂಡುವಿನ ಎರಡು ಕೆನ್ನೆಗೂ ನನ್ನ ಮುತ್ತು. ನಿನಗೆ ತುಂಬು ಹೃದಯದ ಆಶೀರ್ವಾದ, ಬೇಡವೆಂದರೂ ಬಿಡುವುದಿಲ್ಲ.

ಇಂತು,
ನಿನ್ನ ಅತ್ತೆ

ಆಮೇಲೆ ಸೇರಿಸಿದ್ದು: ಲಕೋಟೆಗೆ ಅಂಟು ಹಚ್ಚುವ ಮೊದಲು ಹೊಸ್ತಿಲ ದಿಂಬು ಕೊಡವಲೆಂದು ಹೊರಗೆ ಬಂದೆ. ಅಂಚೆಯವನು ನನ್ನನ್ನು ಕಂಡು ಬೆಚ್ಚಿದ. ಕಿಂಡಿ ಮುಚ್ಚಿದೆ, ಬಡಿದರೆ ಯಾರೂ ಬರುವುದಿಲ್ಲ, ಮನೆಯವರು ಊರಲ್ಲೇ ಇಲ್ಲವೆಂದು ತಿಳಿದು ಕಾಗದಗಳನ್ನೆಲ್ಲ ಕಚೇರಿಯಲ್ಲೇ ಇಟ್ಟಿದ್ದನಂತೆ. ಹೊಲಿಗೆ ಯಂತ್ರ ತುಳಿಯುತ್ತಾ ಕೂತವಳಿಗೆ ಬಡಿದದ್ದು ಕೇಳಿಸಿಯೇ ಇರಲಿಲ್ಲ. ಓಡಿಹೋಗಿ ತಂದುಕೊಟ್ಟ. ನಾಲ್ಕು ಕಾಗದ, ನಾಲ್ಕೂ ನಿನ್ನವೇ. ಕೊನೆಯದರಲ್ಲಿ ಬರೆದಿದ್ದೀ: "ಮನೆ ಸರಿಹೋಯ್ತಾ, ಬರ್ಲಾ ಅಂತ ಮೂರು ಸಲ ಕೇಳ್ದೆ ಅತ್ತೆ. ನಿಮ್ಮಿಂದ ಉತ್ತರ ಇಲ್ಲ. ಬೇಡ ಅಂತ ಅಂದ್ಕೊಂಡು ಹದಿನೈದಕ್ಕೆ ಇಲ್ಲೇ ಒಂದು ಬಾಡಿಗೆ ಮನೆ ಹಿಡೀತೀನಿ." ಬೇಡವೆನ್ನುತ್ತೇನೆಯೇ, ಹುಚ್ಚಿ? ಕಿಂಡಿಯ ಮೊಳೆಗಳನ್ನೆಲ್ಲ ಕಿತ್ತೆ, ಈಗ ಅದಕ್ಕೆ ಗುಂಡಿ ಹಾಕಿದ ಮುಚ್ಚಳ. ಇನ್ನೊಂದು ಮಾತು. ಚಳಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ, ನೆಪ ಅಂದದ್ದು ನನ್ನ ತಪ್ಪು. ಇದನ್ನು ಬಾಯಲ್ಲಿ ಹೇಳಹೊರಟರೆ ಮತ್ತೆ ಜಗಳವಾಗುತ್ತದೆ, ಅಂಚೆಗೆ ಹಾಕಿದರೆ ಹದಿನೈದರೊಳಗೆ ತಲುಪುವುದಿಲ್ಲ. ಆದ್ದರಿಂದ ನಾಳೆ ಬೆಳಗಿನ ಬಸ್ಸಿಗೆ ಈ ಕಾಗದವನ್ನು ನಾನೇ ತರುತ್ತೇನೆ, ನೀನು ಓದಿ ಮುಗಿಸುವವರೆಗೆ ತುಟಿ ಬಿಚ್ಚುವುದಿಲ್ಲ. ಓದಿದೆಯಲ್ಲ, ಇನ್ನು ತಲೆಯೆತ್ತು. ಎದುರಿಗೇ ಕೂತಿದ್ದೇನೆ.