ತಪ್ಪುಗಳನ್ನು ಅಳಿಸಿದವಳಿಗೆ

ಮಾರ್ಚ್ ೧೨, ಭಾನುವಾರ

ಪ್ರೀತಿಯ ಗುಬ್ಬಿ,

ಅಕ್ಕನ ಆಶೀರ್ವಾದ. 'ಪ್ರೀತಿಯ' ಎಂದು ಬರೆದು, ಹೊಡೆದುಹಾಕಿ, ಹಾಳೆ ಬದಲಿಸಿ ಮತ್ತೆ ಅದನ್ನೇ ಬರೆದಿದ್ದೇನೆ. ಏನು ಮಾಡಲಿ, ನಿನ್ನನ್ನು ಬೇರೆ ರೀತಿ ಕರೆದು ನನಗೆ ಅಭ್ಯಾಸವಿಲ್ಲ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಮಾಡಿಕೋ. ಫೋನಿನಲ್ಲಿ ಮಾತಿಗೆ ಕೂತರೆ ಗೆಲ್ಲುವವಳು ನೀನೇ, ಚಿಕ್ಕವಳಿದ್ದಾಗಿನಿಂದಲೂ ಹಾಗೇ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಇಲ್ಲಿ ಎಲ್ಲರೂ ಇದ್ದೇವೆ. ಅಮ್ಮನ ಮಂಡಿನೋವು ಮೆಟ್ಟಿಲು ಕಂಡಾಗ ಮಾತ್ರ ಬರುತ್ತದೆ, ಪಕ್ಕದ ಮನೆಗೆ ಹರಟೆಗೆ ಹೋಗುವಾಗ ಇರುವುದಿಲ್ಲ. ನಿನ್ನ ಭಾವ ನಿವೃತ್ತರಾದ ಮೇಲೆ ನನ್ನ ಹೊಲಿಗೆ ಅಂಗಡಿಯಲ್ಲೇ ಬಂದು ಕೂತು ಗಿರಾಕಿಗಳಿಗೆ ಬಣ್ಣದ ಸಲಹೆ ಕೊಡುತ್ತಾರೆ. ಆ ಸಲಹೆ ಕೇಳಿದವರು ಯಾರೂ ಎರಡನೇ ಸಲ ಬಂದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವೆಬ್‌ಸೈಟಿನ ಹಳೆಯ ವಿಳಾಸ ನನ್ನ ಹೆಸರಿನಲ್ಲಿದೆ, ಅದನ್ನು ನೀನೀಗ ಕೆಲಸ ಮಾಡುವ ಕಂಪನಿಗೆ ಬಿಟ್ಟುಕೊಡು ಎಂದು ಕೇಳಿದ್ದೀಯ. "ಬರೀ ವಿಳಾಸ ತಾನೇ ಅಕ್ಕ, ಖಾಲಿ ಮನೆಗೆ ಬೀಗ ಹಾಕ್ಕೊಂಡು ಏನ್ ಮಾಡ್ತೀಯ?" ಎಂದೂ ಸೇರಿಸಿದ್ದೀಯ. ಅದನ್ನು ಓದಿದ ದಿನ ಗಿರಾಕಿಯೊಬ್ಬರ ಅಂಗಿಯ ತೋಳನ್ನು ತಿರುಗುಮುರುಗಾಗಿ ಹೊಲಿದುಬಿಟ್ಟೆ. ಖಾಲಿ ಮಾಡಿದವರು ಯಾರು, ಅದನ್ನಾದರೂ ಹೇಳು.

ನನ್ನ ಮಗಳ ಬೆನ್ನು ಬಾಗುತ್ತಾ ಹೋದಾಗ ಅಂಗಡಿಯಲ್ಲಿ ಸಿಗುವ ಯಾವ ಅಂಗಿಯೂ ಅವಳಿಗೆ ಆಗುತ್ತಿರಲಿಲ್ಲ. ಮುಂದೆ ಜೋಲುತ್ತಿತ್ತು, ಹಿಂದೆ ಕಚ್ಚುತ್ತಿತ್ತು. ನಾನು ಅವಳ ಮೈಗೆ ತಕ್ಕಂತೆ ಕಾಗದದ ಮೇಲೆ ನಕ್ಷೆ ಬರೆದು, ಬಟ್ಟೆ ಕತ್ತರಿಸಿ ಹೊಲಿದೆ, ನೀನು ಆ ನಕ್ಷೆಗಳನ್ನು ಊಟದ ಮೇಜಿನ ಮೇಲೆ ಹರಡಿ, ಫೋಟೋ ತೆಗೆದು, ಅವಕ್ಕೆಂದೇ ಒಂದು ವೆಬ್‌ಸೈಟ್ ಕಟ್ಟಿದೆ. "ಇಂಥ ಮಕ್ಕಳ ಅಮ್ಮಂದಿರು ಎಲ್ಲೆಲ್ಲೋ ಇರ್ತಾರೆ ಅಕ್ಕ, ಹುಡುಕ್ಕೊಂಡು ಬಂದೇ ಬರ್ತಾರೆ" ಎಂದವಳು ನೀನೇ. ಬಂದರು, ಅಂಗಡಿಯ ಅಂಗಿ ಮೈಗೆ ಒಗ್ಗದ ದೊಡ್ಡವರೂ ಬಂದರು. ಮಗಳು ತೀರಿಕೊಂಡ ಮೇಲೂ ಬರುತ್ತಲೇ ಇದ್ದರು. ಆ ವರ್ಷ ಬೆಳಿಗ್ಗೆ ನಾನು ಹಾಸಿಗೆ ಬಿಟ್ಟು ಏಳುತ್ತಿದ್ದುದೇ ಅವರಿಗೆ ಉತ್ತರ ಬರೆಯಬೇಕಲ್ಲ ಎಂದು.

ನಾವು ಹಾಕಿಕೊಂಡಿದ್ದು ಒಂದೇ ಕಟ್ಟಳೆ. ನಕ್ಷೆಯನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಆದರೆ ಹೊಲಿದಾದ ಮೇಲೆ ಎಲ್ಲಿ ಕೆಟ್ಟಿತು ಎಂದು ಬಂದು ಬರೆಯಬೇಕು. ಆ ತಪ್ಪುಗಳು ಪುಟದ ತಲೆಯಲ್ಲಿ, ನಕ್ಷೆ ಅವುಗಳ ಕೆಳಗೆ. ಹೊಗಳುವುದಕ್ಕೆ ಜಾಗವನ್ನೇ ಇಟ್ಟಿರಲಿಲ್ಲ. ತಮ್ಮನ್ನು ತಾವೇ 'ಒಂಟಿಗೈ' ಎಂದು ಕರೆದುಕೊಳ್ಳುವ ಗಡಿಯಾರ ರಿಪೇರಿಯವರು ಬರೆದದ್ದು ನೆನಪಿದೆಯಾ? "ಜೇಬು ಎಡಗಡೆ ಇಟ್ಟಿದ್ದೀಯಲ್ಲಮ್ಮ, ನನಗೆ ಉಳಿದಿರೋದೂ ಎಡಗೈನೇ. ಜೇಬಿಗೆ ಕೈ ಹಾಕೋಕೆ ಪಕ್ಕದ ಮನೆಯವರನ್ನ ಕರೀಲಾ?" ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಮಗಳು ಹೋದ ಮೇಲೆ ಈ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಮಾರನೆಯ ದಿನವೇ ಜೇಬನ್ನು ಬಲಕ್ಕೆ ಹಾಕಿ ಹೊಸ ನಕ್ಷೆ ಬರೆದೆ.

ನಿನಗೂ ಸಾಕಾಗಿತ್ತು, ಒಪ್ಪುತ್ತೇನೆ. ಆಫೀಸು ಮುಗಿಸಿ ಬಂದು, ಕೆಟ್ಟು ನಿಂತದ್ದನ್ನೆಲ್ಲ ಸರಿ ಮಾಡುವವಳು ನೀನೊಬ್ಬಳೇ. ನನ್ನಿಂದ ಆಗುವುದಿಲ್ಲ ಎಂದು ಒಂದು ಮಾತು ಹೇಳಬಾರದಿತ್ತೇ? ಅದು ಬಿಟ್ಟು, ಒಂದು ಬೆಳಿಗ್ಗೆ ನಾನು ಪುಟ ತೆರೆದರೆ ಅಲ್ಲಿ ಕಂಡದ್ದು 'ನಾವು ಹೊಸ ಮನೆಗೆ ಹೋಗಿದ್ದೇವೆ' ಎಂಬ ಸಾಲು. ನಾವು ಎಂದರೆ ಯಾರು? ನಾನಂತೂ ಅಡುಗೆಮನೆಯಲ್ಲೇ ನಿಂತಿದ್ದೆ. ಕಂಪನಿಗೆ ಎಲ್ಲವನ್ನೂ ಒಪ್ಪಿಸಿ, ಅಲ್ಲೇ ಒಂದು ಕೆಲಸವನ್ನೂ ಹಿಡಿದು, ಆಮೇಲೆ ನನಗೆ ಸಿಹಿಸುದ್ದಿ ಎಂದು ಫೋನ್ ಮಾಡಿದೆ.

ಹೊಸ ಮನೆ ಚೆನ್ನಾಗಿಯೇ ಇದೆ. ನಕ್ಷೆಗಳೆಲ್ಲ ಥಳಥಳ ಎನ್ನುತ್ತವೆ. ತಪ್ಪುಗಳು ಮಾತ್ರ ಒಂದೂ ಇಲ್ಲ. ಕೇಳಿದ್ದಕ್ಕೆ, "ಬಂದೋರಿಗೆ ಮೊದಲು ತಪ್ಪೇ ಕಂಡ್ರೆ ಓಡಿಹೋಗ್ತಾರೆ ಅಕ್ಕ, ಅದಕ್ಕೇ ಕಂಪನಿಯವರು ತೆಗೆಸಿದ್ರು" ಎಂದೆ. ಅವರು ತೆಗೆಸಿದರು, ತೆಗೆದವಳು ನೀನು.

ಹೋದ ತಿಂಗಳು ಒಬ್ಬ ನರ್ಸ್ ಅಂಗಡಿಗೆ ಬಂದರು. ಅವರ ಮಗನಿಗೆ ಉಸಿರಾಡಲು ಕುತ್ತಿಗೆಯಲ್ಲಿ ನಳಿಕೆ ಇದೆ. ಅಂಥ ಮಕ್ಕಳಿಗೆಂದು ನಾವು ಮಾಡಿದ್ದ ಅಂಗಿಯ ನಕ್ಷೆಯನ್ನು ನಿಮ್ಮ ಕಂಪನಿಯಿಂದ ತೆಗೆದು ಹೊಲಿದಿದ್ದಾರೆ. ಮಗು ಎರಡೂ ಕೈ ಎತ್ತಿದಾಗ ಕಾಲರ್ ಮೇಲೆ ಸರಿದು ನಳಿಕೆಯನ್ನು ಎಳೆದಿದೆ. "ನಾನು ಮನೇಲಿದ್ದೆ, ಕೈಗೆ ಕತ್ತರಿ ಸಿಕ್ತು. ಡ್ಯೂಟಿಗೆ ಹೋಗಿದ್ದಿದ್ರೆ?" ಎಂದರು. ನಕ್ಷೆಯ ಮೂಲೆಯಲ್ಲಿ ಉಳಿದಿದ್ದ ನನ್ನ ಅಂಗಡಿಯ ಹೆಸರನ್ನು ನೋಡಿ, ನನಗೆ ಬೈಯಲೆಂದೇ ಹುಡುಕಿಕೊಂಡು ಬಂದಿದ್ದರು. ಒಂದೊಂದು ಮಗುವಿನ ಕುತ್ತಿಗೆ ಒಂದೊಂದು ಥರ, ನಕ್ಷೆ ತಿದ್ದಿ ಪ್ರಯೋಜನವಿಲ್ಲ, ಅದಕ್ಕೇ ಆ ಕಾಲರಿನ ಬಗ್ಗೆ ಮೂವರು ತಾಯಂದಿರು ಬರೆದ ಎಚ್ಚರಿಕೆಯನ್ನು ನಾವು ಪುಟದ ತಲೆಯಲ್ಲಿ ದಪ್ಪಕ್ಷರದಲ್ಲಿ ಇಟ್ಟಿದ್ದೆವು. ಇದನ್ನೆಲ್ಲ ಆಕೆಗೆ ಒಂದೇ ಉಸಿರಿಗೆ ಹೇಳಿದೆ. ಕೊನೆಗೆ ಅವರೇ ನನಗೆ ನೀರು ಕೊಟ್ಟರು.

ಈಗ ಭಾನುವಾರಗಳಂದು ಆಕೆ ಬರುತ್ತಾರೆ. ಹಳೆಯ ವಿಳಾಸದಲ್ಲೇ ಇಬ್ಬರೂ ಸೇರಿ ಪುಟ ಕಟ್ಟುತ್ತಿದ್ದೇವೆ. ಅಕ್ಷರ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ನಿನ್ನ ಭಾವ ಇಣುಕಿ ನೋಡಿ, "ಇದೇನೇ ಇದು, ವೆಬ್‌ಸೈಟಾ, ಭೂಕಂಪಾನಾ?" ಎಂದರು. ನೆನಪಿರುವ ತಪ್ಪುಗಳನ್ನೆಲ್ಲ ಬರೆಯುತ್ತಿದ್ದೇನೆ. ನೆನಪಿಲ್ಲದವು ಹೋದಹಾಗೆಯೇ. ಹಳಬರಿಗೆಲ್ಲ ಹೇಳಿ ಕಳಿಸಿದೆ, ಬಂದವರು ಬೆರಳೆಣಿಕೆಯಷ್ಟು. ಒಂಟಿಗೈಯವರು ಬರಲಿಲ್ಲ. "ಎಲ್ಲಾರೂ ಅಲ್ಲೇ ಇದಾರಲ್ಲಮ್ಮ. ನನ್ನ ಅಂಗಿ ಎಷ್ಟು ಜನ ಮೆಚ್ಕೊಂಡಿದಾರೆ ಗೊತ್ತಾ?" ಎಂದರು. ಅವರಲ್ಲಿ ಎಷ್ಟು ಜನ ತಪ್ಪು ಹೇಳಿದರು ಎಂದು ಕೇಳಿದೆ. ಫೋನ್ ಇಟ್ಟುಬಿಟ್ಟರು. ಕಂಪನಿಯ ಮೇಲಿನ ಸಿಟ್ಟಾದರೂ ಇಳಿದೀತು, ಅವರು ಬಾರದೆ ಹೋದ ಸಂಕಟ ಇಳಿಯುತ್ತಿಲ್ಲ.

ಹಾಗಾಗಿ ವಿಳಾಸ ಕೊಡುವುದಿಲ್ಲ. ಕೊಟ್ಟರೆ, ಯಾರೋ ಹೇಳಿದ ಹಳೆಯ ಗುರುತು ಹಿಡಿದು ನಮ್ಮನ್ನು ಹುಡುಕಿಕೊಂಡು ಬರುವ ತಾಯಿ ನೇರವಾಗಿ ಆ ಕಾಲರಿನ ಮುಂದೆ ಹೋಗಿ ನಿಲ್ಲುತ್ತಾಳೆ. ಇದಕ್ಕೆ ನಿನ್ನ ಕೆಲಸಕ್ಕೆ ಕುತ್ತು ಬಂದರೆ ನನಗೆ ಸಂತೋಷವೇನೂ ಇಲ್ಲ. ಆದರೂ ಕೊಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ವಿಶ್ರಾಂತಿ ಕೊಡು. ಅಮ್ಮ ನಿನ್ನ ದಾರಿ ನೋಡುತ್ತಿದ್ದಾಳೆ. ನಿನಗೆ ಒಳ್ಳೆಯದಾಗಲಿ. ಹಲ್ಲು ಕಚ್ಚಿಕೊಂಡು ಬರೆದ ಮಾತು ಇದು, ಆದರೆ ಸುಳ್ಳಲ್ಲ.

ಇಂತು,
ನಿನ್ನ ಅಕ್ಕ

ಮತ್ತೊಂದು ಮಾತು: ಇದನ್ನು ಬರೆಯಬಾರದೆಂದೇ ಸಹಿ ಹಾಕಿದ್ದೆ, ಆಗಲಿಲ್ಲ. ನಿನ್ನೆ ಬಸ್ ನಿಲ್ದಾಣದ ಗೋಡೆಯ ಮೇಲೆ ನಿಮ್ಮ ಕಂಪನಿಯ ಜಾಹೀರಾತು ನೋಡಿದೆ. ಹಳದಿ ಅಂಗಿ ತೊಟ್ಟು ಪಕ್ಕಕ್ಕೆ ತಿರುಗಿ ನಿಂತ ಹುಡುಗಿ. ಮುಖಕ್ಕಿಂತ ಮೊದಲು ನನಗೆ ಗುರುತು ಸಿಕ್ಕಿದ್ದು ಅಂಗಿ. ಅವಳು ನನ್ನ ಮಗಳು. ನೀನು ತೆಗೆದಿದ್ದ ಫೋಟೋ. ಅವಳ ಬೆನ್ನನ್ನು ನೆಟ್ಟಗೆ ಮಾಡಿದ್ದಾರೆ. ಆ ಬಾಗಿಗೆಂದು ನಾನು ಹಿಂದೆ ಬಿಟ್ಟಿದ್ದ ಬಟ್ಟೆ, ಒಳಗೆ ತುಂಬುವುದಕ್ಕೆ ಏನೂ ಇಲ್ಲದೆ ಜೋತುಬಿದ್ದಿದೆ. ಕಂಪನಿಗೆ ಫೋನ್ ಮಾಡಿದೆ. "ಮಗುವಿನ ಚಿಕ್ಕಮ್ಮನೇ ನೋಡಿ ಒಪ್ಪಿದ್ರಲ್ಲ ಮೇಡಂ" ಎಂದರು. ನೋವು ಹೆಚ್ಚಾದಾಗ ಅವಳು ನನ್ನ ಹತ್ತಿರವೂ ಬರದೆ ನಿನ್ನ ಮಡಿಲಲ್ಲೇ ಮಲಗುತ್ತಿದ್ದಳು, ನೀನು ಆ ಬೆನ್ನನ್ನು ಸವರುತ್ತಾ ಕೂತಿರುತ್ತಿದ್ದೆ. ಗುಬ್ಬಿ, ಆ ಬೆನ್ನು ನಿನಗೆ ಯಾವಾಗ ಬೇಡವಾಯಿತು?